ಹಿಂದಿನ ಚಕ್ರಕ್ಕೆ ಅಗಲದ ರಿಮ್

ಅಬ್ಬಾ,

ನೀವು ತೀರಿಕೊಂಡ ಮೇಲೆ ಶಿರಾದ ಸೈಕಲ್ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ನಿನ್ನೆ ನಾನು ಕಟ್ಟಿದ ಚಕ್ರವೊಂದು ಇವತ್ತು ಬೆಳಿಗ್ಗೆ ಮಧುಗಿರಿಯ ಬಂಡೆ ಹತ್ತಿತು.

ಅಲ್ಲಿನ ಅನುಪಮಾ ಸೈಕಲ್ಲಿನಲ್ಲೇ ಬಂಡೆಯಿಂದ ಬಂಡೆಗೆ ನೆಗೆಯುವ ಹುಡುಗಿ. ಹಿಂದಿನ ರಿಮ್ ಸೊಟ್ಟಗಾಯಿತೆಂದು ಬಂದಿದ್ದಳು. ಎರಡು ಹೊಸ ರಿಮ್ ಮುಂದಿಟ್ಟರೆ ಕಿರಿದಾದುದನ್ನೇ ಎತ್ತಿಕೊಂಡಳು.

"ಇದು ಹಗುರ ಐತೆ, ಎಗರಕ್ಕೆ ಸಲೀಸು ಕಣಕ್ಕಾ."

"ಮೇಲಿಂದ ಬಿದ್ರೆ ಏಟೆಲ್ಲಾ ಹಿಂದಿನ ಚಕ್ರಕ್ಕೇ ಅಲ್ವೇನಮ್ಮ? ಮುಂದಕ್ಕೆ ಹಗುರದ್ದಿರ್ಲಿ. ಹಿಂದಕ್ಕೆ ದಪ್ಪಂದು, ಅಗಲದ್ದೇ ಬೇಕು. ಗಾಳಿ ಕಮ್ಮಿ ಬುಟ್ರೂ ಟೈರು ಪಕ್ಕಕ್ಕೆ ವಾಲಲ್ಲ."

ಹಾಲಿನ ಕ್ಯಾನು ಹೊರುವ ಸೈಕಲ್ಲುಗಳವರಿಗೆ ನೀವು ಹೇಳುತ್ತಿದ್ದುದೂ ಇದನ್ನೇ. ಅವಳು ಒಪ್ಪಿದ ಮೇಲೆ ಅಗಲದ ರಿಮ್ಮಿಗೆ ಕಡ್ಡಿ ಹಾಕಿ, ಒಂದೊಂದಾಗಿ ಮೀಟಿ, ದನಿ ಒಂದೇ ಆಗುವವರೆಗೆ ಬಿಗಿದೆ. ನಿಮ್ಮ ಕಿವಿ ಅರ್ಧ ಗಂಟೆಯಲ್ಲಿ ಹಿಡಿಯುತ್ತಿದ್ದುದಕ್ಕೆ ನನಗೆ ಸಂಜೆಯಾಯಿತು.

ಇವತ್ತು ನೋಡಲೆಂದು ನಾನೂ ಮಧುಗಿರಿಗೆ ಹೋಗಿದ್ದೆ. ಅವಳು ಎದೆಯೆತ್ತರದ ಬಂಡೆಗೆ ನೆಗೆದು, ಅಲ್ಲಿಂದ ಹಿಂದಿನ ಚಕ್ರದ ಮೇಲೇ ಕೆಳಕ್ಕೆ ಹಾರಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚಕ್ರ ನೆಟ್ಟಗೆ ತಿರುಗುತ್ತಿತ್ತು, ಅವಳು ನಗುತ್ತಿದ್ದಳು.

"ಯಾರಕ್ಕಾ ನಿಂಗೆ ಇಂಗೆ ಕಟ್ಟೋದು ಕಲಿಸಿದ್ದು?"

"ನಮ್ಮಬ್ಬ," ಎಂದೆ.

ನೀವು ಕೂರಿಸಿಕೊಂಡು ಕಲಿಸಿದ್ದು ಅಣ್ಣ ಸುಹೇಲ್ ಭಾಯಿಗೆ. ನಾನು ಚಹಾ ತಂದವಳು, ಲೋಟ ಖಾಲಿಯಾಗುವವರೆಗೆ ನಿಂತು ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಅಷ್ಟೊಂದು ನಿಧಾನವಾಗಿ ಯಾಕೆ ಕುಡಿಯುತ್ತಿದ್ದಿರಿ ಎಂದು ಒಮ್ಮೆಯಾದರೂ ಕೇಳಬೇಕಿತ್ತು.

ನಿಮ್ಮ
ಶೀಬಾ