ಬಣ್ಣ ಕಳಚುವುದಿಲ್ಲ

ಚಾಮರಾಜಪೇಟೆ
೧೧ ಫೆಬ್ರುವರಿ ೨೦೨೪

ಪ್ರೀತಿಯ ಭಾಗೀರಥಿ,

ಹೇಗಿದ್ದೀಯೆ? ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈಯಬೇಡ. ಮೊಮ್ಮಗಳು ರಂಜಿನಿಯನ್ನು ನೋಡಲು ಗಂಡಿನವರು ಬಂದಿದ್ದರು. ಅವಳಿಗೆ ಹುಡುಗ ಮೊದಲೇ ಮೆಚ್ಚುಗೆ. ಚಿಕ್ಕಪೇಟೆಯಿಂದ ಹೊಸ ಪರದೆ ಬಂತು. ಗೋಡೆಯ ಮೇಲಿದ್ದ ನಮ್ಮಿಬ್ಬರ ಫೋಟೊ, ನಾನು ದ್ರೌಪದಿ, ನೀನು ಮೀಸೆ ಅಂಟಿಸಿಕೊಂಡ ದುಶ್ಶಾಸನ, ಅದು ಮಂಚದ ಕೆಳಗೆ ಹೋಯಿತು. ಇಳಿಸಿದವನು ಅಳಿಯ ಅನಿಲ್ ಕುಮಾರ. ನಾಟಕ ಕಂಪನಿಯ ಮಾತೆತ್ತಬೇಡಿ, ನೀವು ಟೀಚರ್ ಆಗಿದ್ದಿರಿ ಎಂದು ಅವರಿಗೆ ಹೇಳಿದ್ದೇನೆ ಎಂದ. ಇವನಪ್ಪ ನನ್ನ ಹಾಡಿಗೆ ಒನ್ಸ್ ಮೋರ್ ಕೂಗಿ ಗಂಟಲು ಕಟ್ಟಿಸಿಕೊಂಡವನು. ಮಗಳು ಹೊಸ ಪರದೆಯ ನೆರಿಗೆ ಸರಿಮಾಡುತ್ತಿದ್ದಳು.

ಗಂಡಿನ ಅಪ್ಪ ದೊಡ್ಡಬೈರಪ್ಪ ಸೈಟು ಮಾರುವ ಆಸಾಮಿ, ಬೆರಳಿಗಿಂತ ಉಂಗುರ ಹೆಚ್ಚು. ಕೂತಷ್ಟು ಹೊತ್ತೂ ತನ್ನ ಪಾಲುದಾರನನ್ನು ಬೈದ. ಆ ಬೈಗುಳವೆಲ್ಲ ನಮ್ಮ ರಂಗದಿಂದ ಕದ್ದದ್ದು ಕಣೆ. ಮೋಸದ ಸೂತ್ರಧಾರ ಅವನಂತೆ, ಹೆಂಡತಿ ಹಿಮ್ಮೇಳವಂತೆ, ತೆರೆಮರೆಯಲ್ಲಿ ಇನ್ನೊಬ್ಬನಿದ್ದಾನಂತೆ. ನಮ್ಮ ಸೂತ್ರಧಾರ ಗಣಪತಿಗೆ ಕೈಮುಗಿಯದೆ ಬಾಯಿ ತೆರೆಯುತ್ತಿರಲಿಲ್ಲ. ಇವರ ಬಾಯಲ್ಲಿ ಅವನು ಕಳ್ಳರ ಯಜಮಾನ. ಟಿಕೆಟಿಲ್ಲದೆ ತಡಿಕೆಯಡಿ ನುಸುಳಿ ಬರುತ್ತಿದ್ದ ಪೈಕಿಯವರು, ಈಗ ನಾಟಕದವರೆಂದರೆ ಮೂಗು ಮುರಿಯುತ್ತಾರೆ.

ಕೊನೆಗೆ, "ಕೋರ್ಟಲ್ಲಿ ಅವನ ಬಣ್ಣ ಕಳಚಿ ಬಿತ್ತು ನೋಡಿ" ಎಂದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಣ್ಣ ಕಳಚಲ್ಲ ಸ್ವಾಮಿ, ಕಳಚೋದು ವೇಷ. ಬಣ್ಣಾನ ಕೊಬ್ರಿ ಎಣ್ಣೆ ಹಚ್ಚಿ ಉಜ್ಜಿ ತೆಗೀಬೇಕು" ಎಂದುಬಿಟ್ಟೆ.

ಬಜ್ಜಿ ಹಿಡಿದ ಕೈ ಅಲ್ಲೇ ನಿಂತಿತು. ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ಅಳಿಯನ ಮುಖ ಬಿಳಿಚಿಕೊಂಡಿತು. ಅವನು ಹಾಳಾಗಿ ಹೋಗಲಿ, ಸಂಬಂಧ ತಪ್ಪಿದರೆ ಅಳುವವಳು ರಂಜಿನಿ. ಸ್ಕೂಲ್ ಡೇಗೆ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದೆ ಎಂದೆ. ಎಲ್ಲರೂ ನಕ್ಕರು, ಸಂಬಂಧ ಗಟ್ಟಿಯಾಯಿತು. ಆ ಪೆದ್ದ ಇನ್ನೊಂದು ಬಜ್ಜಿ ತೆಗೆದುಕೊಂಡ.

ನಿನ್ನ ಉಬ್ಬಸ ಹೇಗಿದೆ? ತಣ್ಣೀರು ಮುಟ್ಟಬೇಡ. ದೇವರು ನಿನ್ನನ್ನೂ ನಿನ್ನ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಕಾವೇರಮ್ಮ

ತಾ.ಕ.: ನಿಶ್ಚಿತಾರ್ಥಕ್ಕೆ ನಾನು ಹೋಗುತ್ತಿಲ್ಲ. ಅಳಿಯ ಬೇಡವೆಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ಹೇಳಿದವಳು ರಂಜಿನಿ. ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು, ಪ್ರೀತಿಯಿಂದಲೇ ಹೇಳಿದಳು: "ಅಜ್ಜಿ, ಮಂಡಿನೋವು ಅಂತ ಹೇಳ್ಬಿಡು. ನಿಂಗೆ ಆ್ಯಕ್ಟಿಂಗ್ ಬರತ್ತಲ್ವಾ."