ಅನುಮತಿಗೆ ಕಾದ ಔಷಧ

ಔಷಧ ಸರಬರಾಜು ಇಲಾಖೆಯ ಮಾನ್ಯ ನಿರ್ದೇಶಕರೇ,

ನೀವು ಅಮಾನತು ಮಾಡಿರುವ ಆಸ್ಪತ್ರೆಯ ಫಾರ್ಮಸಿಸ್ಟ್ ನನ್ನ ಅಣ್ಣನ ಜೀವ ಉಳಿಸಿದವರು. ಅವರ ತಲೆಗೆ ಕಟ್ಟಿರುವ ತಪ್ಪು ನಿಮ್ಮ ಕಚೇರಿಯದು. ನಿಮ್ಮ ಬಾಗಿಲು ತಟ್ಟಿ ತಟ್ಟಿ ಸೋತು, ಈಗ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಆಸ್ಪತ್ರೆಗಳ ಔಷಧ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶವನ್ನು ಕಟ್ಟಿದ್ದು ನಾನು ಮತ್ತು ನನ್ನ ತಂಗಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಓಪನ್ ಸೋರ್ಸ್ ಆಗಿ ತೆರೆದಿಟ್ಟೆವು. ಒಂದೇ ದೊಡ್ಡ ಗಂಟು ಮಾಡದೆ ದಾಸ್ತಾನು, ವಿತರಣೆ, ಖರೀದಿ, ವರದಿ ಎಂದು ಪುಟ್ಟ ಪುಟ್ಟ ಸೇವೆಗಳಾಗಿ ಬಿಡಿಸಿದೆವು. ನಮ್ಮ ಕಸುಬಿನವರು ಇದನ್ನು ಮೈಕ್ರೋಸರ್ವಿಸ್ ಎನ್ನುತ್ತಾರೆ. ವರದಿ ಕೆಟ್ಟು ಕೂತರೂ ವಿತರಣೆ ನಿಲ್ಲಬಾರದು, ಉದ್ದೇಶ ಅಷ್ಟೇ. ನೀವು ಅದನ್ನು ಎಲ್ಲ ಆಸ್ಪತ್ರೆಗಳಿಗೂ ಹಾಕಿಸಿದಾಗ ಹಿಗ್ಗಿ ಹೀರೇಕಾಯಿಯಾದೆವು. ಆಮೇಲೆ ನಿಮ್ಮ ಕಚೇರಿ ಒಂದು ಘನ ಸುಧಾರಣೆ ತಂದಿತು: ಪ್ರತಿ ಸೇವೆಯೂ ಯಾವ ಕೆಲಸಕ್ಕೂ ಕೈಹಾಕುವ ಮೊದಲು ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಕೂತ ‘ಅನುಮತಿ ಸೇವೆ’ಯನ್ನು ಕೇಳಬೇಕು. ಅದೊಂದು ಮಲಗಿದರೆ ಎಲ್ಲವೂ ಮಲಗುತ್ತವೆ ಎಂದು ತಂಗಿ ನಿಮಗೆ ಬರೆದಳು. ‘ಸಲಹೆ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಎಂಥ ಆಳವಾದ ಪರಿಶೀಲನೆ ಮಾನ್ಯರೇ, ಇವತ್ತಿಗೂ ಮುಗಿದಿಲ್ಲ.

ಕಳೆದ ತಿಂಗಳು ಅಣ್ಣನಿಗೆ ಫಿಟ್ಸ್ ಬಂದು ನಿಲ್ಲಲೇ ಇಲ್ಲ. ವಾರ್ಡಿನಲ್ಲಿದ್ದ ಇಂಜೆಕ್ಷನ್ ಮುಗಿದಿತ್ತು. ವೈದ್ಯರು ಚೀಟಿ ಕೊಟ್ಟು ನನ್ನನ್ನು ಔಷಧ ಕೌಂಟರಿಗೆ ಓಡಿಸಿದರು. ಗಾಜಿನಾಚೆಯ ಕಪಾಟಿನಲ್ಲಿ ಔಷಧ ಕಣ್ಣಿಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ‘ಅನುಮತಿಗಾಗಿ ಕಾಯಿರಿ’ ಎಂಬ ಸಾಲು.

“ಔಷಧಿ ಇದೆಯಮ್ಮ, ಇದು ಬಿಡ್ತಿಲ್ಲ. ಇಲಾಖೆಗೆ ಫೋನ್ ಮಾಡ್ದೆ, ಯಾರೂ ಎತ್ತಲಿಲ್ಲ,” ಎಂದರು ಫಾರ್ಮಸಿಸ್ಟ್.

“ಸರ್, ಇದನ್ನ ಬರೆದೋಳೇ ನಾನು. ದಯವಿಟ್ಟು ಇದರ ಮಾತು ಕೇಳ್ಬೇಡಿ.”

ಅವರು ಒಮ್ಮೆ ನನ್ನ ಮುಖ ನೋಡಿದರು.

“ನನ್ನ ಕೆಲಸಕ್ಕೇ ಸಂಚಕಾರ ಇದು,” ಎನ್ನುತ್ತಲೇ ಕಪಾಟು ತೆರೆದರು. “ತಗೊಳ್ಳಿ, ಮೊದಲು ಓಡಿ.”

ಅಣ್ಣ ಬದುಕಿದ. ನಿಮ್ಮ ಸೇವೆಗೆ ಎಚ್ಚರವಾದ ಮೇಲೆ ಫಾರ್ಮಸಿಸ್ಟ್ ತಾವು ಕೊಟ್ಟದ್ದನ್ನು ಪ್ರಾಮಾಣಿಕವಾಗಿ ನಮೂದಿಸಿದರು. ಅದನ್ನೇ ನೀವು ತಪ್ಪೊಪ್ಪಿಗೆ ಎಂದು ಓದಿದಿರಿ. ಕೈಕಟ್ಟಿ ಕೂತಿದ್ದರೆ ಅವರು ಇಂದು ನಿಮ್ಮ ಶಿಸ್ತಿನ ನೌಕರ, ಅಲ್ಲವೇ? ಅವರ ಮನೆಗೆ ಹೋಗಿದ್ದೆ. ಹಾಡುಹಗಲೇ ಕಿಟಕಿ ಮುಚ್ಚಿಕೊಂಡು ಕೂತಿದ್ದರು. “ನಿಮ್ಮಣ್ಣ ಹೇಗಿದ್ದಾರೆ?” ಎಂದು ಕೇಳಿದರು, ತಮ್ಮ ಬಗ್ಗೆ ಚಕಾರ ಎತ್ತಲಿಲ್ಲ. ನನಗೆ ಅವರೆದುರು ತಲೆ ಎತ್ತಲಾಗಲಿಲ್ಲ.

ಅವರನ್ನು ಕೆಲಸಕ್ಕೆ ಮರಳಿ ಕರೆಯಿರಿ. ನಿಮ್ಮ ಸೇವೆ ಬಿದ್ದಾಗಲೂ ಔಷಧ ಕೈಗೆ ಸಿಗುವಂಥ ತಿದ್ದುಪಡಿಯನ್ನು ತಂಗಿ ಬರೆದಿಟ್ಟಿದ್ದಾಳೆ. ಜಗತ್ತೇ ನೋಡಬಹುದಾದ ಕಡೆ ಇದೆ, ನೋಡದವರು ನೀವೊಬ್ಬರೇ. ಅದನ್ನು ಒಪ್ಪಿಕೊಳ್ಳಿ, ಕೈಮುಗಿದು ಬೇಡುತ್ತೇನೆ. ಆ ಕೌಂಟರಿನಲ್ಲಿ ಈಗ ಹೊಸಬರೊಬ್ಬರು ಕೂತಿದ್ದಾರೆ. ಹಿಂದಿನವರ ಗತಿ ಅವರಿಗೆ ಗೊತ್ತಿದೆ. ಮುಂದಿನ ಸಲ ಅವರು ಕಾಯುತ್ತಾರೆ.

ಇಂತಿ, ತಟ್ಟಲು ಬೇರೆ ಬಾಗಿಲಿಲ್ಲದ,
ನೀವು ಪುಕ್ಕಟೆ ಪಡೆದದ್ದನ್ನು ಕಟ್ಟಿದ ಇಬ್ಬರಲ್ಲಿ ಹಿರಿಯಳು