ಜಾಡಿಗಳ ರೋಜಾ

ಸೊಲ್ಲಾಪುರ ರಸ್ತೆ, ವಿಜಯಪುರ
೨೬ ಮಾರ್ಚ್ ೨೦೨೬

ಪ್ರೀತಿಯ ಕಸ್ತೂರಿ,

ಸಲಾಂ. ತಿಕೋಟಾದಲ್ಲಿ ನೀನೂ ನಿಮ್ಮವ್ವನೂ ಆರಾಮವೇ? ನಿನ್ನ ಪತ್ರ ಬಂದದ್ದು ರಂಜಾನ್ ಶುರುವಾಗುವ ಮೊದಲು. ಹಬ್ಬದ ಗಡಿಬಿಡಿ ಎಂದು ನೆಪ ಹೇಳಬಹುದು. ನಿಜವೆಂದರೆ ನಿನ್ನ ಮೇಲೆ ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ.

ಮೊದಲು ಸುದ್ದಿ. ನಮ್ಮ ಬಣ್ಣದ ಕಾರ್ಖಾನೆಯಲ್ಲಿ ನೀನು ಇಟ್ಟುಹೋದ ಜಾಡಿಗಳು ಚೆನ್ನಾಗಿವೆ. ಭೂತನಾಳ ಕೆರೆಯ ಕೆಸರಿನಿಂದ ತಂದ ನಿನ್ನ ಸೂಕ್ಷ್ಮಜೀವಿಗಳು, ನೂಲು ತೊಳೆದ ಕೆಂಪು ನೀರನ್ನು ತಿಳಿ ಮಾಡುತ್ತಿವೆ. ಅವು ಹುಟ್ಟಿಸುವ ಕರೆಂಟಿಗೆ ಆ ಕಡಲೆಕಾಳಿನಷ್ಟು ದೀಪವೂ ಉರಿಯುತ್ತಿದೆ. ಗಟಾರಕ್ಕೆ ಬಣ್ಣ ಬಿಟ್ಟರೆ ಕಾರ್ಖಾನೆ ಮುಚ್ಚಿಸುತ್ತೇನೆಂದು ಜಗಳ ತೆಗೆಯುತ್ತಿದ್ದ ಪಕ್ಕದ ರೇಣವ್ವ ಮೊನ್ನೆ ನೋಡಿ, "ಛಲೋ ಆತು ಬಿಡ್ರಿ. ಯಾರು ಮಾಡ್ಯಾರ ಇದನ್ನ?" ಎಂದಳು. ನಮ್ಮ ಯಜಮಾನರು ನಿನ್ನ ಹೆಸರು ಹೇಳಿದ ರೀತಿ ನೀನು ಕೇಳಬೇಕಿತ್ತು! ಎಂ.ಎಸ್ಸಿ.ಯಲ್ಲಿ ನಾನೂ ನಿನ್ನ ಪಕ್ಕದಲ್ಲೇ ಕೂತವಳು ಎಂಬುದು ಅವರಿಗೆ ನೆನಪಿದ್ದಂತಿಲ್ಲ.

ಬೆಳಗಾದರೆ ಜಾಡಿಗಳಿಗೆ ಬೆಲ್ಲದ ನೀರು ಹಾಕುತ್ತಾರೆ. "ಕಸ್ತೂರಿಬಾಯಾರು ಹೇಳ್ಯಾರ, ಇವು ಹಸದಿರಬಾರದು" ಎನ್ನುತ್ತಾರೆ. ನಾನು ಉಂಡೆನೋ ಇಲ್ಲವೋ ಕೇಳಬೇಕೆಂದು ಯಾವ ಬಾಯಾರೂ ಹೇಳಿಕೊಟ್ಟಿಲ್ಲ.

ರಂಜಾನಿನಲ್ಲಿ ಒಂದು ದಿನ ನೂಲು ಕೊಡಲು ಬಬಲೇಶ್ವರಕ್ಕೆ ಹೊರಟವರು, "ಅವಕ್ಕ ಬೆಲ್ಲದ ನೀರು ಹಾಕು, ಮರೀಬ್ಯಾಡ" ಎಂದರು. ಮರೆಯಲಿಲ್ಲ. ಬೇಕೆಂದೇ ಹಾಕಲಿಲ್ಲ. ಸಂಜೆಗೆ ದೀಪ ಮಂಕಾಯಿತು. ಬಂದವರೇ ಜಾಡಿಗಳ ಮುಂದೆ ಕುಸಿದು ಕೂತರು.

"ಏನ್ ಮಾಡಿದಿ ಇರ್ಫಾನಾ?"

"ಮನ್ಯಾಗ ಎಲ್ಲಾರೂ ರೋಜಾ ಅದೀವಿ. ಅವೂ ಇರ್ಲಿ ಬಿಡ್ರಿ."

ಅಜಾನ್ ಆಯಿತು. ಖಜೂರ ಮುಂದಿಟ್ಟೆ, ಮುಟ್ಟಲಿಲ್ಲ. ಮೊದಲು ಬೆಲ್ಲ ಕಲಸಿ ಅವಕ್ಕೆ ಹಾಕಿ, ಆಮೇಲೆ ತಮ್ಮ ರೋಜಾದ ಉಪವಾಸ ಬಿಟ್ಟರು. ಬೆಳಗಿನ ಹೊತ್ತಿಗೆ ದೀಪ ಚೇತರಿಸಿಕೊಂಡಿತ್ತು. ನಾನು ಮಾತು ಬಿಟ್ಟಿದ್ದೆ.

ನಗಬೇಡ. ನನಗೆ ಹೊಟ್ಟೆಕಿಚ್ಚು ಕಸ್ತೂರಿ, ನಿನ್ನ ಮೇಲೂ ನಿನ್ನ ಕೆಸರಿನ ಮೇಲೂ. ಕಾರ್ಖಾನೆ ಉಳಿಸಿದವಳು ನೀನು, ಅದಕ್ಕೆ ಮನಸಾರೆ ದುವಾ ಮಾಡುತ್ತೇನೆ. ಅಲ್ಲಾ ನಿನಗೆ ಆಯುಷ್ಯ ಕೊಡಲಿ. ಅವ್ವನಿಗೆ ಸಲಾಂ ಹೇಳು.

ನಿನ್ನ
ಇರ್ಫಾನಾ

ತಾ.ಕ.: ಜೊತೆಗಿರುವ ಓಢಣಿ ನಮ್ಮವರು ನಿನಗೆಂದೇ ಬಣ್ಣದಲ್ಲಿ ಅದ್ದಿದ್ದು. ಈದ್‌ಗೆ ಹೊಸ ಬಣ್ಣದ ಹಂಡೆ ಇಟ್ಟಾಗ ಮೊದಲು ಮನೆಯಾಕೆಯ ಓಢಣಿ ಅದ್ದಬೇಕು, ಗಿರಾಕಿಗಳ ನೂಲು ಆಮೇಲೆ. ಇದು ನಮ್ಮ ಮನೆಯ ಪದ್ಧತಿ. ನಿಕಾಹ್ ಆದಾಗಿನಿಂದ ಆ ಮೊದಲ ಬಣ್ಣ ನನ್ನದು. ಈ ಸಲ ನಿನ್ನದನ್ನು ಅದ್ದಿದ ಮೇಲೆ ನನ್ನದನ್ನು ಅದ್ದಿದರು, ಅದರ ಬಣ್ಣ ತುಸು ತಿಳಿಯಾಯಿತು. ಕೇಳಿದರೆ, "ಆಕಿ ನಮ್ಮ ಅನ್ನ ಉಳಿಸ್ಯಾಳ, ಅಷ್ಟೂ ಮಾಡಬಾರದೇನು?" ಎಂದರು. ಮಾಡಬೇಕು, ಸರಿ. ಆದರೆ ಈದ್ ದಿನ ನಿನ್ನ ಓಢಣಿಯನ್ನು ನಾನೇ ಹೊದ್ದುಕೊಂಡೆ. ಒಗೆದಿಲ್ಲ, ನನ್ನ ಅತ್ತರಿನ ವಾಸನೆ ಬಂದರೆ ಬರಲಿ. ದಿನವಿಡೀ ಅವರ ಕಣ್ಣೆದುರೇ ಓಡಾಡಿದೆ. ಕೂದಲೆಳೆಯಷ್ಟು ಬಣ್ಣ ಹೆಚ್ಚುಕಡಿಮೆಯಾದರೂ ಕಂಡುಹಿಡಿಯುವ ಮನುಷ್ಯ, ಅವರಿಗೆ ಗೊತ್ತೇ ಆಗಲಿಲ್ಲ.